ಯಲ್ಲೇಶನ ಬಾಗಿಲಿಗೆ ಕಟ್ಟಿದ ಬಳೆ

ಬಂಡ್ರಿ
ಬುಧವಾರ, 11 ಜೂನ್ 2025

ಪ್ರೀತಿಯ ಮೊಮ್ಮಗ ಮನೋಹರನಿಗೆ,

ಕುರೆಕುಪ್ಪದ ರೂಮಿನಲ್ಲಿ ಹೇಗಿದ್ದೀಯಪ್ಪ? ಪ್ಲಾಂಟಿನ ಕಾವಿಗೆ ಕಣ್ಣುರಿಯುವುದು ಕಡಿಮೆಯಾಯಿತೇ? ಪಾಳಿ ಮುಗಿಸಿ ಬಂದು ಬರೀ ಚಹಾ, ಬನ್ನು ತಿಂದು ಮಲಗಬೇಡ. ನನ್ನ ಮೊಣಕಾಲು ಎಂದಿನಂತೆಯೇ ಇದೆ. ಏಳುವಾಗ ಬೈಯುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸುಮ್ಮನಾಗುತ್ತದೆ. ಫೋನ್ ಮಾಡಿದರೆ ನೀನು "ಡ್ಯೂಟಿನಾಗ ಅದೀನಿ ತಾತಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದವನ್ನು ನಿಮ್ಮ ಕಡೆ ಹೊರಟಿರುವ ಗಿರೀಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಆಗುವುದಿಲ್ಲ ನೋಡು.

ಹೋದ ತಿಂಗಳು ನೀನು ಬಂದು ತ್ರಿವೇಣಿ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದೆಯಲ್ಲ. ಬೆಳಗ್ಗೆ ಅವಳ ಗಂಡ ಯಲ್ಲೇಶ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಫೋನಿನಲ್ಲಿ ಹಿಡಿದು, ಹಾಡು ಸೇರಿಸಿ, ಕೆಳಗೆ "ಇವ್ನೂ ಗಂಡ್ಸಾ?" ಎಂದು ಬರೆದು ಬಿಟ್ಟೆ. ನೀನು ಬಸ್ಸು ಹತ್ತುವ ಮೊದಲೇ ಅದು ಊರೆಲ್ಲ ಸುತ್ತಿತ್ತು. ಅಕ್ಕ ಗಣಿಯಲ್ಲಿ ಡಂಪರ್ ಓಡಿಸುತ್ತಾಳೆ, ಅವಳ ಬಸ್ಸು ಬರುವುದು ಬೆಳಗ್ಗೆ ಐದೂವರೆಗೆ. ಯಲ್ಲೇಶನ ಟೈಲರ್ ಅಂಗಡಿ ತೆರೆಯುವುದು ಹತ್ತಕ್ಕೆ. ಯಾರ ಕೈ ಬಿಡುವಾಗಿರುತ್ತದೋ ಅವರು ರೊಟ್ಟಿ ಬಡಿಯುತ್ತಾರೆ, ಅಷ್ಟೇ ಅದರ ಕಥೆ. ಸುಳ್ಳೇಕೆ ಹೇಳಲಿ, ಅವನ ರೊಟ್ಟಿ ನಿಮ್ಮಕ್ಕನ ರೊಟ್ಟಿಗಿಂತ ತೆಳ್ಳಗಿರುತ್ತದೆ. ಅವತ್ತು ನೀನೂ ಆರು ತಿಂದೆ.

ಮೊದಮೊದಲು ಚಹಾದಂಗಡಿಯಲ್ಲಿ ಬರೀ ಮಾತಿತ್ತು. "ಏನಲೇ ಯಲ್ಲೇಶ, ನಮ್ಮನಿಗೂ ನಾಕು ಬಡದು ಕಳಸಲೇ" ಎಂದರೆ ಅವನೂ "ಹಿಟ್ಟು ತಂದು ಕುಂದರ್ರಿ, ಕಲಿಸ್ತೀನಿ" ಎಂದು ನಕ್ಕು ಬಿಡುತ್ತಿದ್ದ. ಹೋದ ಗುರುವಾರ ಎದ್ದು ನೋಡಿದರೆ ಅವನ ಬಾಗಿಲಿಗೆ ಯಾರೋ ಹಸಿರು ಬಳೆಗಳ ಸರ ಕಟ್ಟಿದ್ದರು. ಅವತ್ತಿನಿಂದ ಅಂಗಡಿ ತೆರೆದಿಲ್ಲ. ಒಲೆಯ ಮುಂದೆ ಕೂತಿಲ್ಲ. ಅವನ ಅಣ್ಣ ಕೆಂಚಣ್ಣ ಬಂದು "ಆಕಿ ಗಾಡಿ ಕೆಲ್ಸ ಬಿಡ್ಲಿ, ಇಲ್ಲಾಂದ್ರ ನೀ ನಮ್ಮನಿ ಮೆಟ್ಲ ಹತ್ತಬ್ಯಾಡ" ಎಂದು ಹೇಳಿ ಹೋದ. ತ್ರಿವೇಣಿ ಕೆಲಸ ಬಿಡುವ ಪತ್ರ ಬರೆದು ದೇವರ ಗೂಡಿನಲ್ಲಿಟ್ಟಿದ್ದಾಳೆ, ಸೋಮವಾರ ಕೊಡುತ್ತಾಳಂತೆ. "ತಾತಾ, ಅಷ್ಟು ದೊಡ್ಡ ಗಾಡಿ ಇಳಿಜಾರಿನಾಗ ಇಳಸ್ತೀನಿ, ಕೈ ನಡಗಂಗಿಲ್ಲ. ನಮ್ಮನಿ ಬಾಗ್ಲಾ ತಗಿಯಾಕ ನಡಗ್ತಾವು" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ನಿನ್ನ ಹೊಟ್ಟೆಯ ಉರಿ ನನಗೆ ಗೊತ್ತಿಲ್ಲವೆಂದಲ್ಲ. ನಿನ್ನ ಜೊತೆ ಐಟಿಐ ಓದಿದ ಸುಮಲತಾಳಿಗೆ ಕಾಯಂ ಕೆಲಸ ಸಿಕ್ಕಿತು, ನೀನು ಗುತ್ತಿಗೆಯಲ್ಲೇ ಉಳಿದೆ. "ಇನ್ನೇನಿದ್ರೂ ಹೆಣ್ಮಕ್ಕಳ ಕಾಲ, ನಮ್ಮನ್ಯಾರು ಕೇಳ್ತಾರ" ಎಂದೆ. ಸಿಟ್ಟಿದ್ದರೆ ಗುತ್ತಿಗೆದಾರನ ಮುಂದೆ ಹೇಳಬೇಕಿತ್ತು ಮಗನೇ. ನಿನಗೆ ಬಿಸಿ ರೊಟ್ಟಿ ಹಾಕಿದವನ ಮೇಲೆ ತೀರಿಸಿಕೊಂಡೆ.

ನಾನು ಬಯಲಾಟದಲ್ಲಿ ಹನ್ನೊಂದು ವರ್ಷ ರಾಣಿಯ ಪಾತ್ರ ಮಾಡಿದವನು. ನಿಮ್ಮಜ್ಜಿ ಮುದುಕಮ್ಮ ಕಂಪ್ಲಿಯ ಸಂತೆಯಲ್ಲಿ ನನ್ನ ಕೈಯ ಅಳತೆಗೆ ಬಳೆ ಹುಡುಕಿದಾಗ ಬಳೆಗಾರ "ಯಾರಿಗವ್ವಾ ಇಷ್ಟು ದೊಡ್ಡವು?" ಎಂದನಂತೆ. "ನಮ್ಮ ರಾಣಿಗೆ" ಎಂದಳಂತೆ ಇವಳು! ಸೀರೆಯುಟ್ಟು ನಾನು ಅತ್ತರೆ ಚೋರನೂರಿನ ಗಂಡಸರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾರನೇ ದಿನ ಅವರೇ ಕಟ್ಟೆಯ ಮೇಲೆ ಜಾಗ ಬಿಟ್ಟು ಕೂಡಿಸುತ್ತಿದ್ದರು. ನನ್ನ ಗಂಡಸುತನ ಎಲ್ಲೂ ಬಿದ್ದುಹೋಗಲಿಲ್ಲ.

ಅಕ್ಕನಿಗೆ ಒಂದು ಫೋನಾದರೂ ಮಾಡು. ನಿನ್ನ ಪಾಳಿಗಳೆಲ್ಲ ಗಾಯ ನೋವಿಲ್ಲದೆ ಕಳೆಯಲಿ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಸಿಗಲಿ.

ಇಂತಿ ನಿನ್ನ ತಾತ,
ದೊಡ್ಡಬಸಪ್ಪ

ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಗಿರೀಶ ಹೊರಗೆ ಹಾರ್ನ್ ಹಾಕುತ್ತಿದ್ದಾನೆ. ಆ ಬಳೆ ನನ್ನವೇ. ನಮ್ಮೂರ ಕಟ್ಟೆಯವರು "ನಿಮ್ಮ ರಾಣಿ ಪಾತ್ರದ ಬಳಿ ಕೊಡ್ರಿ, ಯಲ್ಲೇಶಗ ಮರ್ಯಾದಿ ಮಾಡ್ಬೇಕು" ಎಂದಾಗ ನಾನೇ ಪೆಟ್ಟಿಗೆ ತೆಗೆದು ಕೊಟ್ಟೆ. ಯಾಕೆಂದು ಗೊತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ತ್ರಿವೇಣಿ ಅದನ್ನು ಬಿಚ್ಚುತ್ತಾ "ಇಷ್ಟು ದೊಡ್ಡ ಬಳಿ ಎಲ್ಲಿ ಸಿಕ್ಕವು ಇವರಿಗೆ?" ಎಂದಳು, ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಭಾನುವಾರ ಬೆಳಗ್ಗೆ ಹೋಗಿ ಇಬ್ಬರಿಗೂ ಹೇಳುತ್ತೇನೆ. ಆಮೇಲೆ ಆ ಬಳೆ ಕೇಳಿ ಪಡೆದು, ತೊಟ್ಟುಕೊಂಡು, ಅವರ ಬಾಗಿಲಿನಿಂದ ಕಟ್ಟೆಯವರೆಗೆ ನಡೆಯುತ್ತೇನೆ. ಮೊಣಕಾಲಿನ ಸಲುವಾಗಿ ಹಿಡಿದುಕೊಳ್ಳಲು ಒಬ್ಬರು ಬೇಕು, ನೀನು ಬಾ. ಫೋನೂ ತಾ. ಇದನ್ನೂ ಹಿಡಿದು ಊರಿಗೆಲ್ಲ ಕಳಿಸು, ಕೆಳಗೆ ಅದೇ ಮಾತು ಬರೆ.