ಹರಳೆಣ್ಣೆ ತಾಗಿದ ಲೆನ್ಸ್

ಪ್ರಣತಿ,

ಭಾನುವಾರ ನನ್ನ ಅಮ್ಮ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯ ವಾಸನೆ ನನಗೆ ಚಿಕ್ಕಂದಿನಿಂದ ಇಷ್ಟ. ನಿನ್ನೆ ನಾನೂ ಅದನ್ನೇ ತಲೆಗೆ ಹಚ್ಚಿಕೊಂಡು, ಅದೇ ಎಣ್ಣೆಗೈಯಲ್ಲಿ, ನೀನು ಬೀಳಿಸಿದ ಸ್ಕ್ಲೀರಲ್ ಲೆನ್ಸ್, ಕಣ್ಣಿಗೆ ಹಾಕುವ ಆ ಪುಟ್ಟ ಬಟ್ಟಲನ್ನು, ಹೆಕ್ಕಿಕೊಟ್ಟೆ. ಹಾಕಿಕೊಂಡರೆ ನಿನಗೆ ಎಲ್ಲ ಮಂಜಾಯಿತು. "ಕನ್ನಡಕದಲ್ಲಿ ನಂಗೇನೂ ಕಾಣಲ್ಲ ಅಜ್ಜಿ! ನಾಳೆ ಫ್ಯಾಕ್ಟರೀಲಿ ಕಣ್ಣು ಟೆಸ್ಟು, ಫೇಲಾದ್ರೆ ಇನ್‌ಸ್ಪೆಕ್ಷನ್ ಕೆಲಸದಿಂದ ತೆಗೀತಾರೆ" ಎಂದು ನೀನು ರೇಗಿದ್ದು ಸರಿಯೇ.

ಬೆಳಿಗ್ಗೆ ಸೋಪು ಹಾಕಿ ಮೂರು ಸಲ ಕೈ ತೊಳೆದು, ಕ್ಲೀನರ್‌ನಲ್ಲಿ ಲೆನ್ಸ್ ಉಜ್ಜಿಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡಿದೆ, ಜಿಡ್ಡಿಲ್ಲ.

ಲೆನ್ಸ್ ತೊಳೆಯಲು, ತುಂಬಲು ಸಲೈನ್ ಬಾಟಲಿ ಹೊಸದನ್ನೇ ಒಡೆ. ನಲ್ಲಿ ನೀರು ಸೋಕಿಸಬೇಡ.
ಲೆನ್ಸಿನ ಅಂಚಿನವರೆಗೂ ತುಂಬಿಸಿ, ಮುಖ ನೆಲಕ್ಕೆ ಬಗ್ಗಿಸಿ ಹಾಕಿಕೋ.
ಗುಳ್ಳೆ ಸೇರಿದರೆ ತೆಗೆದು ಮತ್ತೆ ತುಂಬಿಸು. ಬೊಮ್ಮಸಂದ್ರದ ಬಸ್ಸಿಗೆ ಇನ್ನೂ ಹೊತ್ತಿದೆ, ಆತುರ ಬೇಡ.

ನಾನು ಪೆನ್ಷನ್ ಸಹಿಗೆ ಬ್ಯಾಂಕಿಗೆ ಹೊರಟೆ. ಕೈಗೆ ಎಣ್ಣೆ, ಖಾರ ಅಂಟಬಾರದೆಂದು ಒಲೆಯನ್ನೇ ಹಚ್ಚಲಿಲ್ಲ. ನಮ್ಮ ಕುಕ್ಕರ್ ಕೂಗದಿದ್ದುದನ್ನು ಪಕ್ಕದ ಮನೆಯ ಮಹಾನಂದಾ ಗಮನಿಸಿರಬೇಕು. ಮೇಜಿನ ಮೇಲಿರುವುದು ಅವಳ ಡಬ್ಬಿ, ಒಳಗೆ ರೊಟ್ಟಿ, ಪಲ್ಯ. ಈಗಷ್ಟೇ ಬಾಗಿಲಿಗೆ ಬಂದಳು. "ಪ್ರಣತಿಗ್ರೀ" ಎಂದಷ್ಟೇ ಹೇಳಿ ನನ್ನ ಕೈಗಿಟ್ಟು ಹೋದಳು.

ಅಜ್ಜಿ