ನಾಲ್ಕನೇ ತಾರೀಕು, ಹನ್ನೊಂದೂವರೆ

4, ಸೋಮವಾರ. ಮಧ್ಯಾಹ್ನ 2

ಮೇಲೆ ಮನೆ, ಕೆಳಗೆ ಹನ್ನೆರಡು ಹೊಲಿಗೆ ಮೆಷಿನ್. ಎರಡಕ್ಕೂ ಯಜಮಾನಿ ನಾನು. ಇಪ್ಪತ್ತಾರು ವರ್ಷದಿಂದ. ಇದನ್ನು ಬರೆಯಬೇಕಾಗಿ ಬಂದದ್ದು ಸ್ಕೂಲಿನ ಗುಮಾಸ್ತನ ದೆಸೆಯಿಂದ. ಬೆಳಿಗ್ಗೆ ಫೋನಿನಲ್ಲಿ, "ಯಾರಮ್ಮಾ ಅದು, ಗುಂಡಿ ಹಾಕೋರಾ? ಓನರ್‌ಗೆ ಕೊಡಿ" ಅಂದ. ಓನರ್ ಅವನಿಗೆ ಸರಿಯಾಗಿಯೇ ಕೊಟ್ಟಳು.

ಹದಿನೈದಕ್ಕೆ ಆರುನೂರು ಯೂನಿಫಾರಂ ಹೋಗಬೇಕು. ಮಗ ಬಟ್ಟೆ ತರಲು ಹೋದವನು ಭಾನುವಾರದವರೆಗೆ ಬರುವುದಿಲ್ಲ. ಇಂಥ ಹೊತ್ತಿನಲ್ಲಿ, ಹನ್ನೊಂದೂವರೆಗೆ, ಸೊಸೆ ಕಟಿಂಗ್ ಟೇಬಲ್ ಬಿಟ್ಟು ನೆಲಕ್ಕೆ ಕುಸಿದು ಕೂತಳು. ಎರಡೂ ಕೈಯಲ್ಲಿ ತಲೆ.

"ಅತ್ತೆ, ತಲೆಯೊಳಗೆ ಏನೋ ಸಿಡಿದ ಹಾಗಾಯ್ತು."

ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಆರ್ಡರ್ ಬಂದಾಗಲೇ ಇವರಿಗೆಲ್ಲ ತಮಗೊಂದು ತಲೆ ಇರುವುದು ನೆನಪಾಗುತ್ತದೆ. "ಮುಖ ತೊಳ್ಕೊ. ಆರ್ಡರ್ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಸಿಡೀಲಿ" ಅಂದೆ. ಅರ್ಧ ಗಂಟೆಗೆ ಮತ್ತೆ ಕತ್ತರಿ ಹಿಡಿದಳು. ಅಂದರೆ ಕೈಲಾಗುತ್ತಿತ್ತು.

6, ಬುಧವಾರ

ಸೊಸೆ ಕತ್ತು ತಿರುಗಿಸುವುದಿಲ್ಲ. ಕರೆದರೆ ಇಡೀ ಮೈ ತಿರುಗಿಸುತ್ತಾಳೆ, ಬೀರು ಸರಿಸಿದ ಹಾಗೆ. ದಿಂಬು ಸರಿಯಿಲ್ಲವಂತೆ. ಬೆಳಕು ಚುಚ್ಚುತ್ತದಂತೆ. ಟೇಬಲ್ ಮೇಲಿನ ಲೈಟು ಆರಿಸಿದ್ದಳು, ನನ್ನನ್ನು ಕೇಳದೆ! ಮತ್ತೆ ಹಾಕಿಸಿದೆ.

ಕತ್ತರಿಸಿದ್ದರಲ್ಲಿ ಮಾತ್ರ ಒಂದು ನೂಲೂ ತಪ್ಪಿಲ್ಲ. ಅವಳಿಗೆ ಹೇಳಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

9, ಶನಿವಾರ

ಕಾಲರಿನ ಅಳತೆಗೆ ಬಯ್ಯುತ್ತಿದ್ದೆ. ಎದುರಿಗೆ ಸೊಸೆ ಎಡಗಣ್ಣು ಅರ್ಧ ಮುಚ್ಚಿಕೊಂಡು ನಿಂತಿದ್ದಳು. ಎಲ್ಲರ ಮುಂದೆ.

"ಏನೇ, ನಂಗೇ ಕಣ್ಣು ಹೊಡೀತೀಯಾ?"

ಮೆಷಿನ್ನುಗಳೆಲ್ಲ ನಿಂತವು. ಗುಂಡಿಗೆ ಕಾಜಾ ಹೊಲಿಯುವ ಮುದುಕಿಯ ಬಾಯಿಗೆ ಯಾವತ್ತೂ ಬೀಗವಿಲ್ಲ. "ಕಣ್ಣು ಹೊಡೆಯೋಕೆ ಅವಳಿಗೆ ನಿಮಗಿಂತ ಚೆನ್ನಾಗಿರೋರು ಸಿಗಲ್ವಾ ಅಮ್ಮೋರೇ? ರೆಪ್ಪೆ ಜೋತಿದೆ, ನೋಡಿ" ಅಂದಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಮುದುಕಿಗೂ ಬೈದೆ, ಸೊಸೆಗೂ ಬೈದೆ.

11, ಸೋಮವಾರ. ಸಂಜೆ. ಆಸ್ಪತ್ರೆ

ಬೆಳಿಗ್ಗೆ ಸೊಸೆಯ ಎಡಗಣ್ಣು ಪೂರ್ತಿ ಮುಚ್ಚಿತ್ತು. ನೆಪಕ್ಕೊಂದು ಕೊನೆಯಾಗಲಿ ಎಂದು ನಾನೇ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ರೆಪ್ಪೆ ಎತ್ತಿದ, ಟಾರ್ಚ್ ಬಿಟ್ಟ. ಕಣ್ಣಿನ ಪಾಪೆ ದೊಡ್ಡದಾಗಿ ನಿಂತುಬಿಟ್ಟಿದೆ, ಬೆಳಕಿಗೆ ಅಲುಗುವುದಿಲ್ಲ. "ನಾನು ಕನ್ನಡಕ ಕೊಡಲ್ಲಮ್ಮ. ಮನೆಗೂ ಹೋಗ್ಬೇಡಿ. ನೇರ ದೊಡ್ಡಾಸ್ಪತ್ರೆಗೆ ಹೋಗಿ" ಅಂದ.

ನಿನ್ನೆ ಊರಿಂದ ಬಂದಿದ್ದ ಮಗನೂ ಓಡಿಬಂದ. ಸ್ಕ್ಯಾನ್ ಆಯಿತು. ಮಿದುಳಿನ ರಕ್ತನಾಳದಲ್ಲಿ, ಕಣ್ಣಿನ ನರದ ಪಕ್ಕದಲ್ಲೇ, ಬಟಾಣಿಯಷ್ಟು ಉಬ್ಬು. ಅದು ನರವನ್ನು ಒತ್ತಿ ರೆಪ್ಪೆ ಬಿದ್ದಿದೆ. ಒಡೆದರೆ ಜೀವ ಹೋಗಬಹುದು.

ಡ್ಯೂಟಿ ಡಾಕ್ಟರ್ ಪೆನ್ನು ಹಿಡಿದು ಕೇಳಿದ, "ತಲೆನೋವು ಯಾವಾಗಿಂದ?"

ಮಗ ನನ್ನ ಮುಖ ನೋಡಿದ. "ನಿನ್ನೆಯಿಂದ" ಅಂದೆ.

ಅದೇ ಬಾಯಿಗೆ ಬಂತು. ಡಾಕ್ಟರ್ ಅವಳ ಕಡೆ ತಿರುಗಿದ. "ಹೌದಾ?"

"ಅತ್ತೆ ಹೇಳಿದ ಹಾಗೆ."

ಹೊರಗಿನವರ ಮುಂದೆ ಈ ಮನೆಯಲ್ಲಿ ಮಾತು ಒಂದೇ, ಅದು ನನ್ನದು. ಬಂದ ವಾರದಲ್ಲೇ ಕಲಿಸಿದ್ದೆ.

12, ಮಂಗಳವಾರ

ಸರ್ಜನ್ ಹೆಂಗಸು. ಮಗನ ವಯಸ್ಸು. ಮುಖದಲ್ಲಿ ನಗು ಇಲ್ಲ, ಅದು ಹಿಡಿಸಿತು. ಕಾಗದದ ಮೇಲೆ ಚಿತ್ರ ಬರೆದು ಹೇಳಿದಳು. ಹುಬ್ಬಿನ ಪಕ್ಕದಲ್ಲಿ ಮೂಳೆಯ ಒಂದು ತುಂಡು ತೆಗೆಯುತ್ತಾರೆ. ಮಿದುಳಿನ ಮಡಿಕೆ ಬಿಡಿಸುತ್ತಾ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಇಳಿಯುತ್ತಾರೆ. ಮುಖ್ಯ ನಾಳಕ್ಕೆ ಕೆಲವೇ ನಿಮಿಷ ತಾತ್ಕಾಲಿಕ ಕ್ಲಿಪ್ ಹಾಕಿ ರಕ್ತದ ಒತ್ತಡ ಇಳಿಸುತ್ತಾರೆ. ಆಮೇಲೆ ಉಬ್ಬಿನ ಕತ್ತಿಗೆ ಟೈಟೇನಿಯಂ ಕ್ಲಿಪ್. ಅದು ಅಲ್ಲೇ ಇರುತ್ತದೆ, ಸಾಯುವವರೆಗೆ.

ಸೊಸೆ ಮಲಗಿದಲ್ಲಿಂದಲೇ ಕೇಳಿದಳು, "ಕ್ಲಿಪ್ ಹಾಕುವಾಗ ಕೆಳಗಿನ ಸಣ್ಣ ನಾಳ ಏನಾದ್ರೂ ಜೊತೆಗೆ ಸಿಕ್ಕಿಹಾಕ್ಕೊಂಡ್ರೆ? ನಮ್ಮಲ್ಲಿ ಜೇಬು ಹೊಲಿಯುವಾಗ ಒಳಗಿನ ಬಟ್ಟೆ ಸೇರ್ಕೊಳ್ಳುತ್ತೆ."

ಸರ್ಜನ್ ಪೆನ್ನು ಇಟ್ಟಳು. "ನನ್ನ ಭಯ ಅದೇ. ಅದಕ್ಕೇ ಕ್ಲಿಪ್ ಹಾಕಿದ ಮೇಲೆ ರಕ್ತಕ್ಕೆ ಹೊಳೆಯೋ ಬಣ್ಣ ಬಿಟ್ಟು ಎಲ್ಲ ನಾಳ ಹರೀತಿದೆಯಾ ನೋಡ್ತೀನಿ. ಇಲ್ಲದಿದ್ರೆ ಬಿಚ್ಚಿ ಮತ್ತೆ ಹಾಕ್ತೀನಿ. ನೀವು ಟೈಲರಾ?"

"ಕಟಿಂಗು" ಅಂದಳು. ಅಷ್ಟು ಜಂಬ ಅವಳ ದನಿಯಲ್ಲಿ ನಾನು ಕೇಳಿರಲಿಲ್ಲ.

ಮಗ ಕೈಕಾಲು ಬಿಟ್ಟಿದ್ದಾನೆ. ಯಾರೋ ಗೆಳೆಯ ಹೇಳಿದನಂತೆ, ಒಂಬತ್ತು ಗಂಟೆ ದಾರಿಯ ಒಂದು ಊರಿನಲ್ಲಿ ತೊಡೆಯ ರಕ್ತನಾಳದಿಂದ ತಂತಿ ಬಿಟ್ಟು ಉಬ್ಬಿನೊಳಗೆ ಸುರುಳಿ ತುಂಬುತ್ತಾರೆ, ತಲೆ ತೆರೆಯುವುದಿಲ್ಲ. ಸರ್ಜನ್ ಅಂದಳು, "ಅದೂ ಒಳ್ಳೆಯ ದಾರಿಯೇ. ಆದ್ರೆ ನರದ ಮೇಲಿನ ಒತ್ತಡಕ್ಕೆ ಇಲ್ಲಿ ಕ್ಲಿಪ್ಪೇ ಮೇಲು ಅಂತ ನನ್ನ ಅಭಿಪ್ರಾಯ. ಶನಿವಾರ ಮಾಡ್ತೀನಿ. ಸ್ಕ್ಯಾನಿನಲ್ಲಿ ರಕ್ತ ಕಾಣ್ತಿಲ್ಲ, ಅದಕ್ಕೇ ಬಲವಂತ ಮಾಡಲ್ಲ. ಮುಂಚೆ ಯಾವತ್ತಾದ್ರೂ ಇದ್ದಕ್ಕಿದ್ದ ಹಾಗೆ, ಸಿಡಿದ ಹಾಗೆ ನೋವು ಬಂದಿತ್ತಾ? ಬಂದಿದ್ರೆ ಆಗಲೇ ಸೋರಿದೆ ಅಂತ ಅರ್ಥ. ಆಗ ಇವರನ್ನ ಇಲ್ಲಿಂದ ಅಲ್ಲಾಡಿಸೋ ಹಾಗೇ ಇಲ್ಲ."

ಸಿಡಿದ ಹಾಗೆ. ಅದೇ ಮಾತು.

ಸೊಸೆ ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

13, ಬುಧವಾರ. ಮಧ್ಯಾಹ್ನ 3

ಮಗ ಗಾಡಿ ಗೊತ್ತು ಮಾಡಿದ್ದಾನೆ. ನಾಳೆ ಹತ್ತಕ್ಕೆ ಹೊರಡುವುದು. ಹೆಂಡತಿಯನ್ನು ಒಂದು ಮಾತು ಕೇಳಿಲ್ಲ. ಕೇಳಿದ್ದು ಡಾಕ್ಟರನ್ನು, "ಮತ್ತೆ ಕೆಲಸಕ್ಕೆ ಯಾವಾಗ ಕೂರಬಹುದು?" ಎಂದು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆ ದನಿ ಯಾರದ್ದು ಎಂದು ಗೊತ್ತಿಲ್ಲವೇ ನನಗೆ?

ಅವನು ಕೆಳಗೆ ಹೋದಾಗ ಅವಳನ್ನು ಕೇಳಿದೆ.

"ನಿನ್ನ ಮನಸ್ಸಿನಲ್ಲಿ ಏನಿದೆ?"

"ನಂಗೆ ಈ ಡಾಕ್ಟರ್ ಕೈಯೇ ಬೇಕು ಅತ್ತೆ."

"ಮತ್ತೆ ಬಾಯಿಗೇನಾಗಿದೆ? ಗಂಡನಿಗೆ ಹೇಳು. ಆ ಸೋಮವಾರದ್ದೂ ಡಾಕ್ಟರಿಗೆ ಹೇಳು."

"ನೀವು ನಿನ್ನೆಯಿಂದ ಅಂತ ಹೇಳಿ ಆಗಿದೆಯಲ್ಲ. ಅದರ ಮೇಲೆ ನಾನು ಬೇರೆ ಹೇಳ್ಲಾ? ಎಲ್ಲರ ಎದುರಿಗೆ?"

"ಸಾಯ್ತೀಯಲ್ಲೇ, ಕತ್ತೆ!"

ಹೊದಿಕೆಯ ಅಂಚು ಮಡಿಸತೊಡಗಿದಳು. ಎದ್ದು ಹೊರಗೆ ಬಂದೆ. ಎಂಥ ಹೆಣ್ಣು! ನನ್ನ ಮಾತು ಉಳಿಸಲು ಜೀವ ಬಿಡುತ್ತಾಳಂತೆ! ಯಾರು ಕೇಳಿದರು ಇವಳನ್ನು...

ನಾನು ಕೇಳಿದೆ. ಹದಿನಾಲ್ಕು ವರ್ಷ, ದಿನಾ ಕೇಳಿದೆ.

14, ಗುರುವಾರ. ಬೆಳಿಗ್ಗೆ 11.10. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚು

ಏಳೂವರೆಗೆ ಸರ್ಜನ್ ಕೋಣೆಗೆ ಹೋದೆ. ನರ್ಸ್ "ಅಮ್ಮಾ, ರೌಂಡ್ಸ್ ಆದ ಮೇಲೆ" ಅಂದಳು. ಅವಳನ್ನು ದಾಟಿಕೊಂಡೇ ಹೋದೆ.

ನಿಂತೇ ಹೇಳಿದೆ. ನಾಲ್ಕನೇ ತಾರೀಕು, ಸೋಮವಾರ, ಹನ್ನೊಂದೂವರೆ. ಸಿಡಿದ ಹಾಗಾಯಿತು ಅಂದಳು. ವಾಂತಿ. ಆಮೇಲೆ ಕತ್ತು ಸೆಟೆದಿತ್ತು, ಬೆಳಕು ಆಗುತ್ತಿರಲಿಲ್ಲ. ಕೆಲಸಕ್ಕೆ ಕೂರಿಸಿದ್ದು ನಾನು. ನಿನ್ನೆಯಿಂದ ಎಂದು ಸುಳ್ಳು ಹೇಳಿದ್ದೂ ನಾನು.

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಬಯ್ಯಲಿಲ್ಲ. ಫೋನ್ ಎತ್ತಿ, "ಇವತ್ತಿನ ಮೊದಲನೇ ಕೇಸ್ ಹಿಂದಕ್ಕೆ ಹಾಕಿ" ಅಂದಳು. ಆಮೇಲೆ ನನಗೆ, "ಇವತ್ತಿಗೆ ಹತ್ತು ದಿನ. ಸೋರಿದ ಮೇಲೆ ನಾಳಗಳು ಸೆಟೆದುಕೊಳ್ಳೋ ಹೊತ್ತು ಇದು. ತಾತ್ಕಾಲಿಕ ಕ್ಲಿಪ್ ಜಾಸ್ತಿ ಹೊತ್ತು ಇಡೋಕಾಗಲ್ಲ. ಈ ಸೋಮವಾರ ಇಲ್ಲಿಗೆ ಬಂದಾಗಲೇ ಹೇಳಿದ್ದಿದ್ರೆ ಇನ್ನೊಂದಿಷ್ಟು ಜಾಗ ಇರ್ತಿತ್ತು ನಂಗೆ."

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ವಾರ್ಡಿನಲ್ಲಿ ಮಗ ಬ್ಯಾಗು ಕಟ್ಟುತ್ತಿದ್ದ. ಗಾಡಿಯವನೂ ಬಾಗಿಲಲ್ಲಿ ನಿಂತಿದ್ದ. ಅವರ ಎದುರಿಗೇ, ನರ್ಸಿನ ಎದುರಿಗೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಮಗನ ಕೈಯಿಂದ ಬ್ಯಾಗು ಬಿತ್ತು.

"ಹತ್ತು ದಿನಾನಾ? ಅಮ್ಮಾ, ನೀನು ಮನುಷ್ಯಳಾ?"

ಯಾರೂ ನನ್ನ ಮೇಲೆ ಹಾಗೆ ದನಿ ಎತ್ತಿದ್ದಿಲ್ಲ. ಎತ್ತಲಿ. "ಕಿರುಚೋದು ಆಮೇಲೆ. ಗಾಡಿ ವಾಪಸ್ ಕಳಿಸು" ಅಂದೆ.

ಸರ್ಜನ್ ಮಂಚದ ಹತ್ತಿರ ಬಂದು ಸೊಸೆಯನ್ನೇ ಕೇಳಿದಳು. "ನಿಮ್ಮ ತಲೆ. ನೀವು ಹೇಳಿ."

ಮಗ ಏನೋ ಹೇಳಲು ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ, ಗಟ್ಟಿಯಾಗಿ. ನನ್ನ ಬಾಯಿಯನ್ನೂ ಹಿಡಿದುಕೊಂಡೆ. ಅದು ಇನ್ನೂ ಕಷ್ಟ.

"ಕ್ಲಿಪ್ ಹಾಕಿ" ಅಂದಳು. "ನಾಲ್ಕನೇ ತಾರೀಕಿನದ್ದು ನಿಜ. ಅತ್ತೆ ಹೇಳಿದ್ದಕ್ಕಿಂತ ಜಾಸ್ತಿಯೇ ನೋವಿತ್ತು. ನಂಗೆ ಭಯವಾಗಿತ್ತು."

ಕಾಗದಕ್ಕೆ ತಾನೇ ಸಹಿ ಹಾಕಿದಳು. ಒಂದೇ ಕಣ್ಣಿನಲ್ಲಿ ನೋಡಿ, ಗೆರೆಯ ಮೇಲೆ, ನೇರಕ್ಕೆ. ಸಾಕ್ಷಿ ಎಂದಿದ್ದಲ್ಲಿ ನಾನು ಹಾಕಿದೆ. ಅವಳು ಒಳಗೆ ಹೋಗಿ ಒಂದು ಗಂಟೆ ನಲವತ್ತು ನಿಮಿಷ.

ಮಗ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಾನೆ. ಬೆನ್ನು ನನ್ನ ಕಡೆಗೆ.

ಅಷ್ಟು ಮಾತಾಡುವಾಗಲೂ ಅವಳು ನನ್ನ ಮುಖ ನೋಡಲಿಲ್ಲ. ಒಪ್ಪಿಗೆ ಕೇಳುವ ಆ ನೋಟ ಇರಲಿಲ್ಲ. ಸಿಟ್ಟು ಬಂತು, ಸುಳ್ಳೇಕೆ. ಆದರೆ ಹಾಗೇ ಇರಲಿ. ಎದ್ದು ಮನೆಗೆ ಬಂದ ಮೇಲೂ, ನನ್ನ ಎದುರಿಗೇ, ಎಲ್ಲರ ಮುಂದೆ, ಹಾಗೇ ತನ್ನ ಮಾತು ತಾನೇ ಆಡಲಿ.