ಕಂಡವರು ಯಾರು?

ಸಂತೋಷಕುಮಾರ ಅವರಿಗೆ,

ಕಲ್ಯಾಣದಿಂದ ವಿಶಾಖಾ ಮಾಡುವ ಶರಣಾರ್ಥಿಗಳು.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ನಾನು ಅಲ್ಲೇ ಉತ್ತರ ಕೊಡಲಿಲ್ಲ. 'ಅವಸರ ಇಲ್ಲರಿ, ವಿಚಾರ ಮಾಡಿ ಹೇಳ್ರಿ' ಎಂದಿರಿ. ವಿಚಾರ ಮಾಡಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನಿಮ್ಮ ದನಿ ಕೇಳಿ ಮೆತ್ತಗಾಗುತ್ತೇನೆ, ಅದು ನನಗೆ ಗೊತ್ತು. ಅದಕ್ಕೇ ಕಾಗದ ಹಿಡಿದು ಕೂತೆ. ಇದನ್ನು ನೀವು ಒಬ್ಬರೇ ಕೂತು ಪೂರ್ತಿ ಓದಬೇಕು. ಆಮೇಲೆ ಯಾರಿಗೆ ತೋರಿಸಿದರೂ ನನ್ನ ತಕರಾರಿಲ್ಲ.

ನಿಶ್ಚಯ ಆದ ಹೊಸದರಲ್ಲಿ ನಮಗೆ ಮಾತೇ ಸಿಗುತ್ತಿರಲಿಲ್ಲ. ನೀವು ಹುಮನಾಬಾದಿನ ನಿಮ್ಮ ಬೀಜ-ಗೊಬ್ಬರದ ಅಂಗಡಿಯಿಂದ ಫೋನ್ ಮಾಡುತ್ತಿದ್ದಿರಿ. ನಾನು ಇಲ್ಲಿ ಅಪ್ಪನ ಭಾಂಡೆ-ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗಳ ಸಾಲಿನ ಹಿಂದೆ ನಿಂತು ಮಾತಾಡುತ್ತಿದ್ದೆ. 'ಊಟ ಆಯ್ತೇನ್ರಿ?' 'ಆಯ್ತ್ರಿ, ನಿಮ್ದು?' ಅಲ್ಲಿಗೆ ಮುಗಿಯುತ್ತಿತ್ತು. ಆಗ ನೀವು ಮೊಬೈಲಿನಲ್ಲಿ ಆಡುವ ಒಂದು ಆಟವನ್ನು ಕಳಿಸಿದಿರಿ. 'ಇದ್ರಾಗ ಕತಿ ಇರ್ತಾವ. ಏನಾಗ್ಯಾದ, ಯಾರು ಮಾಡ್ಯಾರ ಅಂತ ನಾವ ಹುಡುಕಬೇಕು. ಇಬ್ರೂ ಕೂಡಿ ಆಡೋಣ' ಎಂದಿರಿ. ಪ್ರತಿ ಲೆವೆಲ್‌ನಲ್ಲೂ ಒಂದು ಮನೆ, ಆ ಮನೆಯಲ್ಲಿ ನಡೆದುಹೋದ ಒಂದು ಘಟನೆ. ಚಿತ್ರದಲ್ಲಿನ ಕೋಣೆಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕು, ಅಲ್ಲಿದ್ದವರ ಹೇಳಿಕೆ ಓದಬೇಕು, ಕೊನೆಗೆ ಬಿಟ್ಟ ಜಾಗದಲ್ಲಿ ಸರಿಯಾದ ಹೆಸರು ತುಂಬಬೇಕು. ಅದರ ಕನ್ನಡವೋ! 'ದಯವಿಟ್ಟು ಅಪರಾಧಿಯನ್ನು ಒತ್ತಿರಿ' ಎಂದು ಬಂದಾಗ ನೀವು ಗಿರಾಕಿಗಳ ಎದುರಿಗೇ ಬಿದ್ದು ಬಿದ್ದು ನಕ್ಕಿರಿ. ನೀವು ನನಗೆ ಇಷ್ಟವಾದದ್ದು ನಿಶ್ಚಯದ ದಿನ ಅಲ್ಲ, ಆ ನಗು ಕೇಳಿದ ದಿನ.

ಆಡುತ್ತ ಆಡುತ್ತ ಒಬ್ಬರ ಸ್ವಭಾವ ಒಬ್ಬರಿಗೆ ತಿಳಿಯಿತು. ನೀವು ಚುರುಕು. ಚಿತ್ರ ನೋಡಿದ ಕೂಡಲೇ ಒಂದು ಹೆಸರು ಹೇಳುತ್ತಿದ್ದಿರಿ. ಅದು ತಪ್ಪಾದರೆ ಹಿಂಟ್ ಒತ್ತಲು ಹೊರಡುತ್ತಿದ್ದಿರಿ. ನಾನು 'ತಡೀರಿ, ಹಿಂಟ್ ಬ್ಯಾಡ' ಎನ್ನುತ್ತಿದ್ದೆ. 'ಭಾಳ ಹಟ ನಿಮ್ದು' ಎನ್ನುತ್ತಿದ್ದಿರಿ, ಪ್ರೀತಿಯಿಂದಲೇ.

ಇಬ್ಬರೂ ಸಿಕ್ಕಿಬಿದ್ದದ್ದು ಮದುವೆಮನೆಯ ಲೆವೆಲ್‌ನಲ್ಲಿ. ಮದುವೆಯ ಬೆಳಿಗ್ಗೆ ಮದುಮಗಳ ಚಿನ್ನದ ಹಾರ ಕಾಣೆಯಾಗಿರುತ್ತದೆ. 'ಮನೆಗೆಲಸದವಳು ಹಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಹೋದಳು' ಎಂದು ಮೂವರ ಹೇಳಿಕೆ. ಅಡುಗೆಮನೆಯಲ್ಲಿ ಪುರಿ ಕರಿಯುತ್ತಿದ್ದ ಅತ್ತೆ, ಅಂಗಳದಲ್ಲಿ ಏಣಿ ಹತ್ತಿ ಹೂಮಾಲೆ ಕಟ್ಟುತ್ತಿದ್ದ ಮಾವ, ಮಾಳಿಗೆಯ ಕೋಣೆಯಲ್ಲಿ ಕೂಸು ಮಲಗಿಸುತ್ತಿದ್ದ ಬಾಣಂತಿ. ತುಂಬಬೇಕಾದ ವಾಕ್ಯ ಒಂದೇ: ಹಾರ ಕದ್ದದ್ದು ಇಂಥವರು, ಅದನ್ನು ಕಣ್ಣಾರೆ ಕಂಡವರು ಇಂಥವರು. ಮನೆಗೆಲಸದವಳ ಹೆಸರು ಹಾಕಿದೆವು, ತಪ್ಪು. ಬಾಣಂತಿಯದು ಹಾಕಿದೆವು, ತಪ್ಪು. ಮದುಮಗನನ್ನೂ ಬಿಡಲಿಲ್ಲ. ನೀವು ಕೊನೆಗೆ ಬೇಸತ್ತು, 'ಮೂರೂ ಮಂದಿ ಒಂದ ಮಾತು ಹೇಳಾಕತ್ತಾರ, ಸುಳ್ಳ ಹ್ಯಾಂಗಾಗ್ತದರಿ? ಈ ಆಟನ ಖರಾಬ್ ಅದ' ಎಂದು ಬಿಟ್ಟುಬಿಟ್ಟಿರಿ. ನಾನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಗೇ ಮಾತು ಬಂತು. ಸಂಬಂಧ ಕುದುರಿಸಿದ್ದ ಸಿದ್ದಪ್ಪ ಕಾಕಾ ಅಂಗಡಿಯ ಮೆಟ್ಟಿಲು ಹತ್ತದೆ ಹೊರಗೇ ನಿಂತು ಅಪ್ಪನನ್ನು ಕರೆದರು. 'ಬಸವಣಪ್ಪ, ಹುಮನಾಬಾದದವರು ಬ್ಯಾಡ ಅಂದ್ರು. ಹುಡುಗಿಗಿ ಫಿಟ್ಸ್ ಬರ್ತಾವಂತ. ಸಣ್ಣಾಕಿದ್ದಾಗಿಂದ ಅವ, ಮುಚ್ಚಿಟ್ಟಾರ ಅಂತಾರ. ಕಂಡವರೂ ಇದ್ದಾರಂತ.' ನನಗೆ ಎಂದೂ ಬಾರದ ಬೇನೆ ನನ್ನ ಹೆಸರಿಗೆ ಅಂಟಿಕೊಂಡಿತ್ತು. ಅಂದು ನಿಮಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. 'ಸ್ವಲ್ಪ ದಿನ ತಡೀರಿ' ಎಂದು ಒಂದು ಸಾಲಿನ ಮೆಸೇಜ್ ಬಂತು. ಅಷ್ಟೇ.

'ಸುಮ್ನ ಇರೋಣ. ಹುಡುಗಿ ವಿಷಯ, ಜಗ್ಗಿದಷ್ಟೂ ಉದ್ದಾಗ್ತದ' ಎಂಬುದೊಂದೇ ಅಪ್ಪ ಹೇಳಿದ್ದು. ಅವ್ವ ನನ್ನ ಮುಖ ನೋಡುವಳು, ಒಲೆಯ ಕಡೆ ತಿರುಗುವಳು. ಓಣಿಯ ಹೆಂಗಸರು ನೀರಿಗೆ ಬಂದಾಗ ನಾನು ಕೊಡ ಎತ್ತುವುದನ್ನೇ ನೋಡುತ್ತಿದ್ದರು, ಎಲ್ಲಿ ಬೀಳುತ್ತಾಳೋ ಎಂಬ ಹಾಗೆ. ಒಬ್ಬಾಕೆ ಬಂದು ಕೊಡವನ್ನು ಕೈಯಿಂದ ಇಸಿದುಕೊಂಡೇ ಬಿಟ್ಟಳು. ಕನಿಕರದಿಂದ ಮಾಡಿದ್ದು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸುಮ್ಮನೆ ಕೂತರೆ ಅಳು ಬರುತ್ತದೆಂದು ಆ ಆಟ ತೆರೆದೆ. ಅದೇ ಮದುವೆಮನೆ, ತಪ್ಪು ಎನ್ನುವ ಅದೇ ಕೆಂಪು ಗುರುತು. ಹಿಂಟ್ ಎಂಬ ಹಳದಿ ದೀಪ ಮೂಲೆಯಲ್ಲಿ ಮಿಣುಕುತ್ತಿತ್ತು. ಇವತ್ತು ಇದನ್ನು ಬಿಡಿಸದೆ ಏಳುವುದಿಲ್ಲ, ಹಿಂಟನ್ನೂ ಮುಟ್ಟುವುದಿಲ್ಲ ಎಂದುಕೊಂಡೆ. ಅಷ್ಟು ದಿನ ನಾವು ಆ ಮನೆಗೆಲಸದವಳನ್ನೇ ನೋಡುತ್ತಿದ್ದೆವು. ಅವಳ ಸೆರಗು, ಅವಳ ಚೀಲ, ಅವಳ ಗುಡಿಸಲು. ಅಂದು ಅವಳನ್ನು ಬಿಟ್ಟು ಹೇಳುವವರನ್ನು ನೋಡಲು ಕೂತೆ. ಅತ್ತೆಯ ಜಾಗಕ್ಕೆ ಹೋಗಿ ಅಡುಗೆಮನೆಯ ಕಿಟಕಿ ಮುಟ್ಟಿದೆ. ಅಲ್ಲಿಂದ ಬಾವಿ ಮಾತ್ರ ಕಾಣುತ್ತದೆ. ಮಾವನ ಏಣಿ ಮುಟ್ಟಿದೆ. ಅವನ ಮುಖ ಬೀದಿಯ ಕಡೆಗಿದೆ. ಬಾಣಂತಿಯ ಕೋಣೆಯಲ್ಲಿ ಕಿಟಕಿಗೆ ಕೌದಿ ಹಾಕಿ ಮುಚ್ಚಿದ್ದಾರೆ, ಕೂಸಿಗೆ ಗಾಳಿ ತಾಗಬಾರದೆಂದು. ಮೂವರಿಗೂ ಹಿತ್ತಲ ಬಾಗಿಲು ಕಾಣುವಂತೆಯೇ ಇಲ್ಲ!

ಹೇಳಿಕೆಗಳನ್ನು ಮತ್ತೆ ತೆಗೆದೆ. ನಾವು ಮೊದಲ ಸಾಲು ಓದಿ ಬಿಡುತ್ತಿದ್ದೆವು, ಕೆಳಗೆ ಎಳೆದರೆ ಇನ್ನೊಂದು ಸಾಲಿತ್ತು. ಅತ್ತೆ ಹೇಳುತ್ತಾಳೆ, ಬಾಣಂತಿ ಹೇಳಿದ ಮೇಲೆ ಇನ್ನೇನು. ಬಾಣಂತಿ ಹೇಳುತ್ತಾಳೆ, ಮಾವ ಸುಳ್ಳು ಹೇಳುವವರಲ್ಲ. ಮಾವ ಹೇಳುತ್ತಾನೆ, ಅಡುಗೆಮನೆಯಲ್ಲಿ ಅತ್ತೆಯೇ ಅಂದಳಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಸುತ್ತಿ ಬಂದಿದೆ ಅಷ್ಟೇ. ಹೆಸರುಗಳ ಪಟ್ಟಿಯ ಕೊನೆಯಲ್ಲಿ 'ಯಾರೂ ಇಲ್ಲ' ಎಂಬ ಪದ ಮೊದಲಿನಿಂದಲೂ ಬಿದ್ದಿತ್ತು. ಅದನ್ನೆತ್ತಿ 'ಕಂಡವರು' ಎಂಬಲ್ಲಿ ಇಟ್ಟೆ, 'ಕದ್ದವರು' ಎಂಬಲ್ಲೂ ಇಟ್ಟೆ. ಪರದೆ ಹಸಿರಾಯಿತು. ದೇವರಕೋಣೆಯ ಬಾಗಿಲು ತೆರೆದು ಹಾರ ಕಾಣಿಸಿತು. ಅಜ್ಜಿ ಅದನ್ನು ಪೂಜೆಗೆಂದು ದೇವರ ಮುಂದೆ ಇಟ್ಟಿದ್ದಳು.

ಗೆದ್ದ ಖುಷಿಯಲ್ಲಿ ನಿಮಗೆ ಹೇಳಬೇಕೆಂದು ಕೈ ನಿಮ್ಮ ನಂಬರಿನ ಮೇಲೆ ಹೋಯಿತು. ನಿಂತಿತು. ಆಗ ನನ್ನನ್ನೇ ಕೇಳಿಕೊಂಡೆ, ನನ್ನ ಮೇಲೆ ಬಂದ ಮಾತಿನಲ್ಲಿ ಕಂಡವರು ಯಾರು? ಅಷ್ಟು ದಿನ ನಾನು 'ನನಗ ಫಿಟ್ಸ್ ಇಲ್ಲ, ಇಲ್ಲ' ಎಂದು ಗೋಡೆಗೆ ಹೇಳಿಕೊಂಡು ಕೂತಿದ್ದೆ. ಯಾರು ಕಂಡರು ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಸಿದ್ದಪ್ಪ ಕಾಕಾನಿಗೆ ಫೋನ್ ಮಾಡಿದೆ. ನಿಮ್ಮ ಅವ್ವನಿಗೆ ಹೇಳಿದವರು ದುಬಲಗುಂಡಿಯ ನಿಮ್ಮ ಸೋದರತ್ತೆ ಕಮಳಾಬಾಯಿ ಎಂದು ಗೊತ್ತಾಯಿತು. ಹೋಗುತ್ತೇನೆಂದಾಗ ಅಪ್ಪ ಬೇಡ ಎಂದ. ಅವ್ವ ಮಾತ್ರ ಹಿಟ್ಟಿನ ಕೈ ತೊಳೆದುಕೊಂಡು ಸೀರೆ ಬದಲಿಸಿ ಬಂದಳು. 'ನಡಿ. ನಾನೂ ಬರ್ತೀನಿ. ಮುಚ್ಚಿಟ್ಟಾರ ಅಂದ್ರ ನನಗಂದಂಗ ಆಯ್ತು' ಎಂದಳು. ನನ್ನವ್ವ ಗಯಾಬಾಯಿ ಅಪ್ಪನ ಮಾತು ಮೀರಿ ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ದುಬಲಗುಂಡಿಗೆ ಹೋದೆವು. ಕಮಳಾಬಾಯಿಯವರು ನಮ್ಮನ್ನು ಕೂಡಿಸಿ ಚಹಾ ಕೊಟ್ಟರು. ಒಂದೇ ಮಾತು ಕೇಳಿದೆ. 'ಅತ್ತಿ, ನಾನು ಬಿದ್ದದ್ದು ನೀವು ನೋಡೀರೇನ್ರಿ?' ಅವರು ಕಕ್ಕಾಬಿಕ್ಕಿಯಾದರು. 'ನಾ ಎಲ್ಲಿಂದ ನೋಡ್ಲಿ ತಂಗಿ? ಕಲ್ಯಾಣದ ನಮ್ಮ ಬೀಗತಿ ಸೋನುಬಾಯಿ ಹೇಳ್ಯಾಳ. ಆಕಿ ನಿಮ್ಮ ಅಂಗಡಿ ಹಿಂದಿನ ಓಣ್ಯಾಗ ಇರಾಕಿ. ಆಕಿ ನೋಡ್ಯಾಳ.' ಬಂದ ದಾರಿಯಲ್ಲೇ ಹಿಂದಿರುಗಿದೆವು. ಇಷ್ಟು ದೂರ ಹೋಗಿ ಬಂದದ್ದು ನಮ್ಮ ಹಿತ್ತಲಿನವಳ ಹೆಸರು ಕೇಳುವುದಕ್ಕೆ ಎಂದು ಬಸ್ಸಿನಲ್ಲಿ ಅವ್ವ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು.

ಸೋನುಬಾಯಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳನ್ನೂ ಅದೇ ಕೇಳಿದೆ. 'ಮಂದಿ ಭಾಳ ಕೂಡಿತ್ತವ್ವ. ನನಗ ಕಾಲಷ್ಟ ಕಂಡ್ವು. ಯಾರ ಅಂತ ಕೇಳಿದ್ರ ಬಸವಣಪ್ಪನ ಅಂಗಡ್ಯಾಗ ಹುಡುಗಿ ಬಿದ್ದಾಳ ಅಂದ್ರು. ಅಂಗಡ್ಯಾಗ ಹುಡುಗಿ ಅಂದ್ರ ನೀನ ಅಲ್ಲೇನು?' ಎಂದಳು. ಹೇಳುತ್ತ ಹೇಳುತ್ತ ತಾನು ಮುಖ ಕಂಡೇ ಇಲ್ಲವೆಂದು ಅವಳಿಗೇ ತಿಳಿಯಿತು. ಮೊರ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು.

ಆಗಷ್ಟೇ ನನಗೂ ಹೊಳೆಯಿತು. ಅಂದು ನಮ್ಮ ಅಂಗಡಿಯಲ್ಲಿ ಬಿದ್ದದ್ದು ಭಾಂಡೆ ಕೊಳ್ಳಲು ತಾಯಿಯ ಜೊತೆ ಬಂದಿದ್ದ ಒಂದು ಹುಡುಗಿ. ತಾಮ್ರದ ಕೊಡ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಬಿದ್ದಳು, ಮೈ ಸೆಳೆಯತೊಡಗಿತು. ಸುತ್ತಲಿನ ಭಾಂಡೆ ಸರಿಸಿ, ನನ್ನ ಓಢಣಿ ಮಡಿಚಿ ಅವಳ ತಲೆಯ ಕೆಳಗಿಟ್ಟು, ಮಗ್ಗುಲಾಗಿ ಹೊರಳಿಸಿ ಪಕ್ಕದಲ್ಲೇ ಕೂತೆ. ಎಚ್ಚರವಾದ ಮೇಲೆ ಅವಳ ತಾಯಿ ಹೇಳಿದ್ದು ಇಷ್ಟೇ: 'ಯಾರಿಗೂ ಹೆಸರು ಹೇಳಬ್ಯಾಡವ್ವ, ಮದವಿ ವಯಸ್ಸಿಗಿ ಬಂದ ಹುಡುಗಿ.' ಹೇಳುವುದಿಲ್ಲ ಎಂದೆ.

ಉಳಿದದ್ದು ನಿಮ್ಮ ಎದುರಿಗೇ ನಡೆಯಿತು. ಸೋನುಬಾಯಿಯೇ ನಮ್ಮೊಡನೆ ಹುಮನಾಬಾದಿಗೆ ಬಂದು ನಿಮ್ಮ ಪಡಸಾಲೆಯಲ್ಲಿ ನಿಂತು, 'ನಾ ಮುಖ ನೋಡಿಲ್ರಿ, ತಪ್ಪಾಯ್ತು' ಎಂದಳು. ಅಷ್ಟಾದರೂ ನಿಮ್ಮ ಅವ್ವ ಮೀರಾಬಾಯಿಯವರು ಒಪ್ಪಲಿಲ್ಲ. 'ನೀ ಅಲ್ಲಂದ್ರ ಬಿದ್ದಾಕಿ ಯಾರು? ಹೆಸರು ಹೇಳು. ಆಕಿ ಮನಿಗಿ ಹೋಗಿ ಕೇಳ್ತೀನಿ. ಖರೇ ಇದ್ರ ಇದ ತಾರೀಖಿಗಿ ಮದವಿ' ಎಂದರು. ಒಂದು ಹೆಸರು, ಅಷ್ಟೇ. ನಾಲಿಗೆಯ ತುದಿಯಲ್ಲಿತ್ತು. ನೀವು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಿರಿ, ನನ್ನ ಮುಖವನ್ನೇ ನೋಡುತ್ತಿದ್ದಿರಿ. ಹೇಳು ಎನ್ನುವಂತಿತ್ತು ನಿಮ್ಮ ಕಣ್ಣು. ನಿಮ್ಮ ಮೇಲೆ ನನಗೆ ಎಷ್ಟು ಆಸೆಯಿತ್ತೆಂದು ಆ ಗಳಿಗೆಯಲ್ಲಿ ಪೂರ್ತಿ ತಿಳಿಯಿತು. ಆದರೂ ನನ್ನ ಬಾಯಿಂದ ಬಂದದ್ದು, 'ಅದು ನಾನಲ್ರಿ. ಯಾರು ಅಂತ ನಾ ಹೇಳಂಗಿಲ್ಲ.' ಅವ್ವ ನನ್ನ ಭುಜದ ಮೇಲೆ ಕೈಯಿಟ್ಟಳು. ಎದ್ದು ಬಂದೆವು.

ಈಗ ನಿಮ್ಮ ಮೊನ್ನೆಯ ಫೋನು. ನಿಮ್ಮ ಅವ್ವ ಮೆತ್ತಗಾಗಿದ್ದಾರೆ, ದೊಡ್ಡ ಡಾಕ್ಟರಿಗೆ ತೋರಿಸಿ ಏನೂ ಇಲ್ಲ ಎಂದು ಬರೆಸಿಕೊಂಡು ಬಂದರೆ ಸಾಕು ಎಂದಿರಿ. ನಿಮ್ಮ ದನಿಯಲ್ಲಿ ಸಂತೋಷವಿತ್ತು. ನಾನು ಕೇಳಿದೆ, 'ಡಾಕ್ಟರು ಬ್ಯಾನಿ ಅದ ಅಂತ ಬರದ್ರ?' ನೀವು, 'ಅವ್ವಗ ಕೇಳಿ ಹೇಳ್ತೀನ್ರಿ' ಎಂದಿರಿ.

ನನಗೆ ಬೇನೆ ಇಲ್ಲ. ನಾಳೆ ಬರುವುದಿಲ್ಲ ಎಂದು ಯಾರು ಹೇಳಬಲ್ಲರು? ನನಗೆ ಬರಬಹುದು, ನಿಮಗೆ ಬರಬಹುದು. ಆವತ್ತು ಪಕ್ಕದಲ್ಲಿ ಕೂತುಕೊಳ್ಳುವುದಕ್ಕೆ ಇನ್ನೊಬ್ಬರನ್ನು ಕೇಳಿ ಬರುವವರ ಜೊತೆ ನಾನು ಬಾಳಲಾರೆ. ನೀವು ಕೆಟ್ಟವರಲ್ಲ. ನನ್ನ ವಿಷಯದಲ್ಲಿ ಎಲ್ಲರೂ ಹೇಳಿದ್ದು ಕೇಳಿದಿರಿ, ನನ್ನನ್ನು ಮಾತ್ರ ಕೇಳಲಿಲ್ಲ. ಈ ಮದುವೆ ಬೇಡ, ಇದೇ ನನ್ನ ಉತ್ತರ. ಸಿಟ್ಟಿನಿಂದ ಬರೆಯುತ್ತಿಲ್ಲ. ಇದನ್ನು ಬರೆಯುವ ಮೊದಲು ಅಪ್ಪನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಲೋಟ ಒರೆಸಿಟ್ಟು, 'ಬರಿ' ಎಂದ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಆ ಹುಡುಗಿ ಈಚೆಗೆ ತಾಯಿಯೊಂದಿಗೆ ಮತ್ತೆ ಅಂಗಡಿಗೆ ಬಂದಿದ್ದಳು. ಮದುವೆ ಗೊತ್ತಾಗಿದೆ. ಹುಡುಗನ ಮನೆಯವರಿಗೆ ತಾವೇ ಎಲ್ಲ ಹೇಳಿದೆವು ಎಂದು ತಾಯಿ ಹೇಳಿದಳು. ಹುಡುಗ ಏನಂದ ಎಂದು ಕೇಳಿದೆ. ಹುಡುಗಿಯೇ ನಾಚಿಕೊಂಡು ಹೇಳಿದಳು: 'ಗುಳಿಗಿ ಹೊತ್ತಿಗಿ ಸರಿಯಾಗಿ ತಗೊಳ್ಳಾಕ ನೀ ಮರತರ ನಾ ನೆನಪು ಮಾಡ್ತೀನಿ ಅಂದ್ರು ಅಕ್ಕಾ.' ಅವರ ಭಾಂಡೆಗಳ ಮೇಲೆ ಇಬ್ಬರ ಹೆಸರನ್ನೂ ನಾನೇ ಕೊರೆದುಕೊಟ್ಟೆ. ಮಷೀನಿನ ಸದ್ದಿನಲ್ಲಿ ಒಂದಿಷ್ಟು ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಥ ಮಾತಾಡುವವರು ನಮ್ಮ ಸೀಮೆಯಲ್ಲೂ ಇದ್ದಾರೆ ಎಂದು ತಿಳಿದು ಕೈ ಗಟ್ಟಿಯಾಯಿತು. ಒಂದಕ್ಷರವೂ ಸೊಟ್ಟಗಾಗಲಿಲ್ಲ.

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ. ನಿಮಗೆ ಒಳ್ಳೆಯ ಹೆಣ್ಣು ಸಿಗಲಿ, ಅವಳನ್ನು ನೀವೇ ಕೇಳಿ, ನೀವೇ ನಂಬುವ ಧೈರ್ಯ ನಿಮಗೆ ಬರಲಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಲ್ಲಿಗೆ ನಿಮ್ಮ ಋಣ ಮುಗಿಸಿ, ಹಗುರಾಗಿ,

ವಿಶಾಖಾ ಬಸವಣಪ್ಪ
ಬಸವಕಲ್ಯಾಣ